ದೊರೆಯ ಟೋಪಿ ಮತ್ತು ಎರಡು ಜೀಪುಗಳು

ಅಮಾಕೋಲಿನ ಗಂಡಸರಿಗೆ ದೇವರು ಒಬ್ಬನೇ, ಗಾಡಿ ಮಾತ್ರ ಎರಡು. ದೇವರ ವಿಷಯಕ್ಕೆ ಅವರು ಜಗಳವಾಡುವುದಿಲ್ಲ. ಭಾನುವಾರ ಚರ್ಚಿಗೆ ಹೋಗಿ, ಅಕ್ಕಪಕ್ಕ ಕೂತು ಒಟ್ಟಿಗೆ ತೂಕಡಿಸಿ ಬರುತ್ತಾರೆ. ಗಾಡಿಯ ಮಾತು ಬಂದರೆ ಮುಗಿಯಿತು, ಒಡಹುಟ್ಟಿದವರೂ ಒಂದೇ ಬೋಗುಣಿಯಲ್ಲಿ ಉಣ್ಣುವುದನ್ನು ಬಿಡುತ್ತಾರೆ.

ಒನಿಟ್ಶಾ ಪೇಟೆಯಲ್ಲಿ ಕಂಪನಿ ಇಟ್ಟ ಹೆಸರಿಗೆ ಕವಡೆ ಕಿಮ್ಮತ್ತಿಲ್ಲ. ಹಡಗಿನಿಂದ ಇಳಿದ ಗಾಡಿಗೆ ಪೇಟೆಯೇ ನಾಮಕರಣ ಮಾಡುತ್ತದೆ. ಬೆನ್ನು ಇಳಿಜಾರಾದ, ಉದ್ದನೆಯ ಕಪ್ಪು ಜೀಪಿಗೆ ‘ಅತ್ತೆ ಬಾಯ್ಮುಚ್ಚು’ ಎಂದು ಹೆಸರು. ಅದರಲ್ಲಿ ಬಂದಿಳಿದ ಅಳಿಯನಿಗೆ ಯಾವ ಅತ್ತೆಯೂ ಎದುರು ಮಾತಾಡುವುದಿಲ್ಲವಂತೆ. ಮುಂಭಾಗ ಉಬ್ಬಿದ, ಆಳೆತ್ತರದ ಬಿಳಿ ಜೀಪಿಗೆ ‘ಬಿಷಪ್ಪನ ಹೊಟ್ಟೆ’ ಎನ್ನುತ್ತಾರೆ. ಇದಕ್ಕೆ ವಿವರಣೆ ಬೇಕಿಲ್ಲ. ಅಮಾಕೋಲಿನ ಅರ್ಧ ಜನ ಮೊದಲನೆಯದರ ಭಕ್ತರು, ಉಳಿದರ್ಧ ಎರಡನೆಯದರ ಭಕ್ತರು. ಇವರಲ್ಲಿ ಹೆಚ್ಚಿನವರು ಓಡಾಡುವುದು ಬಾಡಿಗೆ ಬೈಕಿನ ಹಿಂದುಗಡೆ, ಮತ್ತೊಬ್ಬನ ಕೋಳಿಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು.

ಈ ಊರಿನ ಇಗ್ವೆ, ಅಂದರೆ ದೊರೆ, ಎಕೆಮೇಜಿ. ಪಟ್ಟಕ್ಕೆ ಬರುವ ಮುಂಚೆ ಅವನು ಲಾರಿ ಡ್ರೈವರ್. ಹೋಗುವಾಗ ಪ್ಲಾಸ್ಟಿಕ್ ಕುರ್ಚಿ, ಬರುವಾಗ ಈರುಳ್ಳಿ; ಒನಿಟ್ಶಾದಿಂದ ದೂರದ ಉತ್ತರದ ಮೈದುಗುರಿಯವರೆಗೆ ರಸ್ತೆಯ ಒಂದೊಂದು ಗುಂಡಿಯೂ ಅವನಿಗೆ ನೆಂಟ. ದೊರೆಯನ್ನು ಆರಿಸುವ ಸರದಿ ಅವನ ಮನೆತನಕ್ಕೆ ಬಂದಾಗ ಅಲ್ಲಿ ಓದಿದವರಿದ್ದರು, ದುಡ್ಡಿದ್ದವರಿದ್ದರು. ಅವರೆಲ್ಲ ಒಬ್ಬರ ಮೇಲೊಬ್ಬರು ಕೇಸು ಜಡಿದು ಕೋರ್ಟಿನ ಮೆಟ್ಟಿಲಲ್ಲೇ ಬೇರು ಬಿಟ್ಟರು. ಯಾರ ಜೊತೆಗೂ ಜಗಳವಿಲ್ಲದ ಗಂಡಸು ಬೇಕೆಂದು ಹುಡುಕಿದಾಗ ಎಕೆಮೇಜಿ ಸಿಕ್ಕ. ಜಗಳವಿಲ್ಲದ್ದಕ್ಕೆ ಕಾರಣ ಅವನ ಒಳ್ಳೆಯತನವಲ್ಲ, ಅವನು ಊರಲ್ಲಿ ಇರುತ್ತಲೇ ಇರಲಿಲ್ಲ.

ಹದ್ದಿನ ಗರಿ ಸಿಕ್ಕಿಸಿದ ಕೆಂಪು ಟೋಪಿ ತಲೆಗೇರಿದ ದಿನವೇ ಹಿರಿಯರು ಕಟ್ಟಳೆ ಹೇಳಿದರು. ಇಗ್ವೆ ಬೀದಿಯಲ್ಲಿ ತಿನ್ನಬಾರದು. ಸಂತೆಯಲ್ಲಿ ಚೌಕಾಸಿ ಮಾಡಬಾರದು. ಜನರ ಕಣ್ಣೆದುರು ಟೋಪಿ ತೆಗೆಯಬಾರದು, ತೆಗೆದರೆ ಪಟ್ಟ ಇಳಿದಂತೆ. ಮತ್ತೆ, ಇಗ್ವೆ ಗಾಡಿ ಓಡಿಸಬಾರದು.

“ಈ ಕೊನೇದು ಯಾವ ಕಾಲದ್ದು?” ಎಂದು ಎಕೆಮೇಜಿ ಕೇಳಿದ.

“ಮುತ್ತಜ್ಜನ ಕಾಲದ್ದು,” ಎಂದ ಹಿರಿಯರ ತಲೆಯಾಳು ಓಬಿಡೀಕೆ ಅಜ್ಜ. “ಹಿಂದಿನ ಯಾವ ಇಗ್ವೆನಾದ್ರೂ ಗಾಡಿ ಓಡ್ಸಿದ್ದು ನೀವು ಕೇಳಿದ್ದೀರಾ?”

ಮುತ್ತಜ್ಜನ ಕಾಲಕ್ಕೆ ಅಮಾಕೋಲಿಗೆ ಸೈಕಲ್ಲು ಕೂಡ ಬಂದಿರಲಿಲ್ಲ. ಆದರೆ ಅಂಥ ಮಾತನ್ನು ದೊರೆಯಾದವನು ಪಟ್ಟದ ದಿನವೇ ಆಡಲು ಬರುವುದಿಲ್ಲ.

ಅಂದಿನಿಂದ ಸ್ಟೇರಿಂಗ್ ಹಿಡಿದ ಕೈಗೆ ಚರ್ಮದ ಬೀಸಣಿಗೆ ಬಂತು. ಸಿಂಹಾಸನದ ಮೇಲೆ ಕೂತು ಜಮೀನು ತಕರಾರು ಕೇಳುವಾಗ ಎಕೆಮೇಜಿಯ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ತಕರಾರು ಉದ್ದವಾದರೆ ಬಲಗೈ ಗೇರು ಬದಲಾಯಿಸುತ್ತಿತ್ತು. ಅದನ್ನು ಕಂಡ ಜನ ಇಗ್ವೆಗೆ ಕುಲದೇವರು ಮೈಮೇಲೆ ಬರುತ್ತಾನೆಂದು ಹೇಳಿಕೊಂಡರು.

ನಿಜ ಗೊತ್ತಿದ್ದದ್ದು ಹೆಂಡತಿ ಅಜೂಕಾಳಿಗೆ ಮಾತ್ರ. ಲಾರಿ ನಿಲ್ದಾಣದಲ್ಲಿ ಕಿತ್ತಳೆ ಮಾರುತ್ತಿದ್ದ ಹೆಂಗಸು ಅವಳು. ಈಗ ಊರವರ ಬಾಯಲ್ಲಿ ‘ಲೋಲೋ’, ರಾಣಿ. ಮನೆಯೊಳಗೆ ಅವಳು ಗಂಡನನ್ನು ಕರೆಯುವುದು ಮಾತ್ರ ‘ಡ್ರೈವರಪ್ಪಾ’ ಎಂದೇ.

ಹಿಂದಿನ ಇಗ್ವೆಯಿಂದ ಬಂದಿದ್ದ ಹಳೇ ಕಾರು ಒಂದು ದಿನ ಅರಮನೆಯ ಅಂಗಳದಲ್ಲಿ ಕೆಮ್ಮಿ ಕೆಮ್ಮಿ ಸತ್ತಿತು. ಮರುವಾರವೇ ಕೋಳಿಗಳು ಅದರ ಹಿಂದಿನ ಸೀಟಿನಲ್ಲಿ ಮೊಟ್ಟೆಯಿಟ್ಟವು. ಸುದ್ದಿ ಊರಿನ ಇಬ್ಬರು ದೊಡ್ಡ ಕುಳಗಳ ಕಿವಿಗೆ ಬಿತ್ತು. ಒಬ್ಬ ಲಾಗೋಸಿನಲ್ಲಿ ಸಿಮೆಂಟ್ ಮಾರುವವನು; ‘ಅಕಾಜಿಯಾಕು’, ಸಂಪತ್ತು ಹಿಡಿದ ಕೈ, ಎಂಬ ಬಿರುದು ಹೊತ್ತವನು. ಇನ್ನೊಬ್ಬ ನ್ನೇವಿ ಪೇಟೆಯಲ್ಲಿ ಗಾಡಿ ಬಿಡಿಭಾಗಗಳ ವ್ಯಾಪಾರಿ, ‘ಓಚೆಂಡೊ’, ಅಂದರೆ ಜನರ ನೆರಳು. ಅವನ ಸುತ್ತಳತೆ ನೋಡಿದರೆ ಬಿರುದು ಸುಳ್ಳಲ್ಲ. ಸಿಮೆಂಟಿನವನು ಅತ್ತೆ ಬಾಯ್ಮುಚ್ಚುವಿನ ಪರಮಭಕ್ತ. ಬಿಡಿಭಾಗದವನು ಬಿಷಪ್ಪನ ಹೊಟ್ಟೆಗಾಗಿ ಪ್ರಾಣ ಬಿಡುವವನು. ಇಬ್ಬರೂ ಒಂದೇ ವಾರದಲ್ಲಿ ಹೇಳಿಕಳಿಸಿದರು: ದೊರೆಯ ವರ್ಷದ ಹಬ್ಬ ಓಫಾಲಕ್ಕೆ ಇಗ್ವೆಗೆ ಹೊಸ ಜೀಪು, ನನ್ನ ಕಡೆಯಿಂದ.

ಇಲ್ಲಿ ಹಿರಿಯರು ಕೆಟ್ಟರು. ಆ ಸೀಮೆಯಲ್ಲಿ ಹೊಸ ಗಾಡಿ ಬಂದರೆ ಅದನ್ನು ‘ತೊಳೆಯಬೇಕು’. ನೀರಿನಿಂದಲ್ಲ, ಹೆಂಡದಿಂದ, ಅದೂ ಗಾಡಿಯ ಮೇಲೆ ಹೊಯ್ದಲ್ಲ, ಬಂದವರ ಗಂಟಲಿಗೆ ಹೊಯ್ದು. ಸಿಮೆಂಟಿನವನು ಹಿರಿಯರನ್ನು ಕರೆಸಿ ಬಿಯರು ಇಳಿಸಿದ, ಮೇಕೆ ಕಡಿಸಿದ, ಖಾರದ ಸಾರು ಕಾಯಿಸಿದ. ಹಿರಿಯರು ಕಪ್ಪು ಜೀಪನ್ನು ಚೆನ್ನಾಗಿ ತೊಳೆದರು. ಅದರ ತಲೆನೋವು ಇಳಿಯುವ ಮೊದಲೇ ಬಿಡಿಭಾಗದವನು ಕರೆಸಿದ. ಅಲ್ಲಿ ಮೇಕೆಯ ಬದಲು ಹೋರಿ. ಬಿಳಿ ಜೀಪನ್ನು ಇನ್ನೂ ಚೆನ್ನಾಗಿ ತೊಳೆದರು. ಬೇಡವೆನ್ನುವ ನಾಲಿಗೆ ಆ ಗುಂಪಿನಲ್ಲಿ ಒಂದೂ ಇರಲಿಲ್ಲ. ಇದ್ದ ನಾಲಿಗೆಗಳೆಲ್ಲ ಮೂಳೆ ಚೀಪುತ್ತಿದ್ದವು.

ಹಬ್ಬ ಹತ್ತಿರವಾದಾಗ ಅಮಲು ಇಳಿದು ಬುದ್ಧಿ ಏರಿತು. ಹುಡುಗಿಯ ಮನೆಯವರು ವರನ ಹೆಂಡ ಕುಡಿದ ಮೇಲೆ ಮದುವೆ ಆಯಿತೆಂದೇ ಅರ್ಥ. ತೊಳೆದ ಗಾಡಿಯೂ ಹಾಗೆ, ವಾಪಸು ಹೋಗುವಂತಿಲ್ಲ. ಇಗ್ವೆಗೆ ಬೇಕಾದ್ದು ಒಂದು, ಹಿರಿಯರು ತಾಳಿ ಕಟ್ಟಿಸಿದ್ದು ಎರಡು. ಒಂದನ್ನು ತಿರಸ್ಕರಿಸಿದರೆ ಅದರ ಧಣಿಯ ಮೂಗು ಕೊಯ್ದಂತೆ. ಸಿಮೆಂಟಿನವನು ಮುನಿದರೆ ಊರಿನ ಸಭಾಭವನಕ್ಕೆ ಸೂರಿಲ್ಲ, ಬಿಡಿಭಾಗದವನು ಮುನಿದರೆ ಟ್ರಾನ್ಸ್‌ಫಾರ್ಮರಿಗೆ ಎಣ್ಣೆಯಿಲ್ಲ, ಊರಿಗೆ ಕರೆಂಟಿಲ್ಲ.

ಹಿರಿಯರು ಅರಮನೆಗೆ ಬಂದು, ಮಾತಿಗೆ ಮುಂಚಿನ ಪದ್ಧತಿಯಂತೆ ಕೋಲಾ ಬೀಜ ಒಡೆದು ಹಂಚಿಕೊಂಡರು. ಓಬಿಡೀಕೆ ಅಜ್ಜ ಗಂಟಲು ಸರಿಮಾಡಿಕೊಂಡು ಒಂದು ಗಾದೆ ಹೇಳಿದ. ಅದರಲ್ಲಿ ಹಲ್ಲಿ ಇತ್ತು, ಬಾವಿ ಇತ್ತು, ವಿಧವೆಯೊಬ್ಬಳೂ ಇದ್ದಳು. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ತಲೆದೂಗಿದರು.

“ನೇರ ಹೇಳಿ ಅಜ್ಜ,” ಎಂದ ಎಕೆಮೇಜಿ.

“ನೇರ ಅಂದ್ರೆ, ಇಗ್ವೆ, ಇದು ನಿಮ್ಮ ಗಾಡಿ. ನಿಮ್ಮ ರುಚಿ ಯಾವುದೋ ಅದೇ ನಮ್ಮ ರುಚಿ. ನೀವೇ ಆರಿಸ್ಕೊಳ್ಳಿ.”

ಪಟ್ಟಕ್ಕೆ ಬಂದ ಮೇಲೆ ಅವನ ರುಚಿಯನ್ನು ಯಾರೂ ಕೇಳಿರಲಿಲ್ಲ. ಎಕೆಮೇಜಿಯ ಎದೆ ಒಮ್ಮೆ ಹಗುರವಾಯಿತು. “ನನಗೆ ಜೀಪು ಬೇಡ,” ಎಂದ. “ಒಂದು ಪಿಕಪ್ಪು ಸಾಕು. ಮುಂದೆ ಇಬ್ಬರು ಕೂರೋಕೆ ಜಾಗ, ಹಿಂದೆ ಬರೀ ಬೆನ್ನು. ಗೇರು ಕೈಯಲ್ಲಿ ಹಾಕೋ ಅಂಥದು. ನಾನೇ ಓಡಿಸ್ಕೋತೀನಿ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಕ್ಕರು. ಓಬಿಡೀಕೆ ಅಜ್ಜನಿಗೆ ನಕ್ಕು ನಕ್ಕು ಕೆಮ್ಮು ಬಂತು. “ಏನ್ ತಮಾಷೆ ಮಾಡ್ತೀರಪ್ಪಾ ನಮ್ಮ ಇಗ್ವೆ! ಹಿಂದುಗಡೆ ಗೆಣಸಿನ ಮೂಟೆನೂ ಹಾಕ್ಕೊಂಡು ಹೋಗ್ತೀರೇನೋ!”

“ಹಾಕ್ಕೋತೀನಿ,” ಎಂದ ಎಕೆಮೇಜಿ.

ಅವರು ಇನ್ನೂ ಜೋರಾಗಿ ನಕ್ಕು, ಇಷ್ಟು ರಸಿಕ ದೊರೆ ಸಿಕ್ಕಿದ್ದಕ್ಕೆ ದೇವರಿಗೆ ಕೈಮುಗಿದು, ಉಳಿದ ಕೋಲಾ ಬೀಜವನ್ನು ಜೇಬಿಗಿಳಿಸಿ ಹೊರಟುಹೋದರು.

ಒಳಗೆ ಬಂದ ಗಂಡನ ಮುಖ ನೋಡಿ ಅಜೂಕಾ ಗೆಣಸು ಸುಲಿಯುವುದನ್ನು ನಿಲ್ಲಿಸಲಿಲ್ಲ. “ಏನಂತೆ?”

“ನಗ್ತಾರೆ.”

“ನಗದೆ ಏನ್ ಮಾಡ್ತಾರೆ? ದನಕ್ಕೆ ಹುಲ್ಲು ಬೇಕಾ ಅಂತ ಯಾರೂ ಮನಸಾರೆ ಕೇಳಲ್ಲ ಡ್ರೈವರಪ್ಪಾ, ಹಾಕ್ತಾರೆ ಅಷ್ಟೇ. ನಿನಗೂ ಹಾಗೇ.”

“ಹಿಂದಿನ ಸೀಟಲ್ಲಿ ಕೂತು ಕೂತು ನನ್ನ ಮೂಳೆ ಪುಡಿಯಾಗ್ತಿದೆ ಕಣೇ. ಆ ಕಾಲಿಸ್ಟಸ್ ಮೂರನೇ ಗೇರಲ್ಲಿ ಗುಡ್ಡ ಹತ್ತುಸ್ತಾನೆ. ಗಾಡಿ ಅಳತ್ತೆ, ನನಗೂ ಅಳು ಬರತ್ತೆ. ಬಾಯಿ ಬಿಡೋ ಹಾಗಿಲ್ಲ.” ಕಾಲಿಸ್ಟಸ್ ಅರಮನೆಯ ಡ್ರೈವರು. ಗಾಡಿಗಿಂತ ಟೋಪಿಗೆ ಹೆಚ್ಚು ಮರ್ಯಾದೆ ಕೊಡುವ ಮನುಷ್ಯ.

“ಇನ್ನೊಂದ್ ಸಲ ಓಡಿಸ್ದೆ ಸತ್ರೆ ನನ್ನ ಆತ್ಮ ಈ ಮನೆ ಬಿಟ್ಟು ಹೋಗಲ್ಲ, ನೋಡ್ತಿರು,” ಎಂದ ಎಕೆಮೇಜಿ.

“ಹೋಗದೆ ಇದ್ರೆ ಅಡುಗೆಮನೆಗೆ ಬರಬೇಡ. ಜಾಗ ಇಲ್ಲ.” ಅವಳು ಗೆಣಸನ್ನು ಕತ್ತರಿಸಿ ನೀರಿಗೆ ಹಾಕಿದಳು. ಚಾಕು ಒರೆಸುತ್ತ, “ಎರಡೂ ಕಡೆ ತಿಂದಿರೋರು ಅವರು,” ಎಂದಳು. “ಹೆದರಬೇಕಾದೋರು ಅವರು, ನೀನಲ್ಲ. ಅದನ್ನ ತಿಳ್ಕೋ.”

ಓಫಾಲದ ದಿನ ಅರಮನೆಯ ಅಂಗಳದಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಮರುಭೂಮಿಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳು ಎಲ್ಲರ ಹುಬ್ಬನ್ನೂ ಬೆಳ್ಳಗೆ ಮಾಡಿತ್ತು. ತೋಪು ಹಾರಿದವು, ತಮಟೆ ಮೊಳಗಿತು. ಎರಡು ಜೀಪುಗಳೂ ರಿಬ್ಬನ್ನು ಕಟ್ಟಿಸಿಕೊಂಡು ಎದುರುಬದುರು ನಿಂತಿದ್ದವು. ಅವುಗಳ ಹಿಂದೆ ಆಯಾ ಭಕ್ತರು.

“ಅಲ್ಲಯ್ಯಾ ಅಕಾಜಿಯಾಕು,” ಎಂದು ಬಿಡಿಭಾಗದವನು ಎಲ್ಲರಿಗೂ ಕೇಳುವಂತೆ ಕೂಗಿದ. “ಹೆಣ ಸಾಗಿಸೋ ಗಾಡಿ ತಂದಿದ್ದೀಯಲ್ಲೋ. ಇಗ್ವೆ ಇನ್ನೂ ಬದುಕಿದ್ದಾರೆ!”

“ನಿಂದು ಬಿಳಿ ಫ್ರಿಜ್ಜು,” ಎಂದ ಸಿಮೆಂಟಿನವನು. “ಬಾಗಿಲು ತೆಗೆದ್ರೆ ಒಳಗೆ ಬಿಯರ್ ಇರಬೇಕು, ದೊರೆ ಅಲ್ಲ.”

“ನಿನ್ನ ಗಾಡಿ ಗುಡ್ಡ ನೋಡಿದ್ರೆ ಮಂಡಿ ಊರತ್ತೆ!”

“ನಿನ್ನ ಗಾಡಿ ಪೆಟ್ರೋಲ್ ಬಂಕ್ ನೋಡಿದ್ರೆ ಬಾಲ ಅಲ್ಲಾಡ್ಸತ್ತೆ!”

ಭಕ್ತರು ಕುಣಿದರು. ಜೀವಮಾನದಲ್ಲಿ ಎರಡೂ ಗಾಡಿಯ ಒಳಗೆ ಕಾಲಿಡದವರು ತಮ್ಮ ತಮ್ಮ ಗಾಡಿಯ ಎಂಜಿನ್ನಿನ ಗುಣಗಾನ ಮಾಡಿದರು. ಒಬ್ಬನಂತೂ ಬಿಷಪ್ಪನ ಹೊಟ್ಟೆಯ ಬ್ರೇಕಿನ ಬಗ್ಗೆ ಕಣ್ಣೀರು ಹಾಕಿಕೊಂಡು ಮಾತಾಡಿದ. ಅವನಿಗೆ ಇದ್ದದ್ದು ಒಂದು ತಳ್ಳುಗಾಡಿ, ಅದಕ್ಕೆ ಬ್ರೇಕೇ ಇರಲಿಲ್ಲ.

ಮೊದಲು ಕಪ್ಪು ಜೀಪು. ಎಕೆಮೇಜಿ ಹಿಂದಿನ ಬಾಗಿಲಿನಿಂದ ಒಳಗೆ ಬಾಗಿದ. ಸೂರು ತಗ್ಗು. ಟೋಪಿಯ ಹದ್ದಿನ ಗರಿ ಸೂರಿಗೆ ಒತ್ತಿ ಬಾಗಿತು, ಲಟಕ್ಕೆಂದಿತು. ಹೊರಗೆ ಬಂದಾಗ ಗರಿ ಮುರಿದ ಕೈಯಂತೆ ಕಿವಿಯ ಪಕ್ಕ ಜೋತಾಡುತ್ತಿತ್ತು. ಬಿಳಿ ಜೀಪಿನವರು ಶಿಳ್ಳೆ ಹೊಡೆದರು.

ಆಮೇಲೆ ಬಿಳಿ ಜೀಪು. ಇಲ್ಲಿ ಸೂರು ಎತ್ತರ, ಮೆಟ್ಟಿಲೂ ಎತ್ತರ. ಹನ್ನೆರಡು ಮೊಳದ ಬಟ್ಟೆ ಸುತ್ತಿದ ದೊರೆ ಒಂದು ಕಾಲು ಎತ್ತಿದ, ಇನ್ನೊಂದು ಬರಲಿಲ್ಲ. ಇಬ್ಬರು ಗಟ್ಟಿಯಾಳುಗಳು ಹಿಂದಿನಿಂದ ಕೈಕೊಟ್ಟು ಅವನನ್ನು ಒಳಗೆ ತಳ್ಳಿದರು. ಎಲ್ಲಿಗೆ ಕೈಕೊಟ್ಟರೆಂಬುದನ್ನು ಇಡೀ ಊರು ನೋಡಿತು. ಈಗ ಕಪ್ಪು ಜೀಪಿನವರ ಸರದಿ, ಅವರ ನಗು ಚರ್ಚಿನ ಗಂಟೆಗೋಪುರದವರೆಗೆ ಕೇಳಿಸಿತು.

“ಹೇಳಿ ಇಗ್ವೆ!” ಎಂದು ಎರಡೂ ಕಡೆಯವರು ಕೂಗಿದರು. “ಯಾವುದು?”

ಎಕೆಮೇಜಿಗೆ ಲಾರಿ ನಿಲ್ದಾಣದ ಸಿಟ್ಟು ಬಂತು. ಬಿಳಿ ಜೀಪಿನಿಂದ ಇಳಿದವನು ಬೀಸಣಿಗೆಯನ್ನು ಕಾಲಿಸ್ಟಸ್ಸನ ಕೈಗೆ ತುರುಕಿ, ಅಂಗೈ ಚಾಚಿದ. “ಎರಡೂ ಬೀಗದ ಕೈ ಇಲ್ಲಿ ಕೊಡಿ.”

ಗದ್ದಲ ನಿಂತಿತು.

“ರುಚಿ ಹೇಳು ಅಂದ್ರಿ. ಹಿಂದಿನ ಸೀಟಲ್ಲಿ ಕೂತು ಗಾಡಿ ರುಚಿ ಹೇಳೋದು ಅಂದ್ರೆ ಪಕ್ಕದ ಮನೆ ಹೊಗೆ ನೋಡಿ ಅವರ ಸಾರಿಗೆ ಉಪ್ಪು ಕಮ್ಮಿ ಅಂದ ಹಾಗಾಯ್ತು. ಓಡಿಸಿ ನೋಡ್ತೀನಿ. ಆಮೇಲೆ ಹೇಳ್ತೀನಿ.”

“ಶಿವಶಿವಾ” ಎನ್ನುವ ಊರಲ್ಲ ಅದು. ಹಾಗಾಗಿ ಹಿರಿಯರು ಬೆರಳುಗಳನ್ನು ತಲೆಯ ಸುತ್ತ ತಿರುಗಿಸಿ ಚಿಟಿಕೆ ಹೊಡೆದರು, ಕೇಡು ದೂರ ಹೋಗಲೆಂದು. ಓಬಿಡೀಕೆ ಅಜ್ಜ ಕೋಲೂರಿಕೊಂಡು ಮುಂದೆ ಬಂದ. “ಇಗ್ವೆ, ಕಟ್ಟಳೆ ಇದೆ. ಓಡಿಸೋ ಹಾಗಿಲ್ಲ. ಅದೂ ಅಲ್ಲದೆ ಟೋಪಿ ಹಾಕ್ಕೊಂಡು ಮುಂದಿನ ಸೀಟಲ್ಲಿ ಕೂತ್ರೆ ಟೋಪಿಗೇ ಅವಮಾನ. ತೆಗೆದ್ರೆ ಪಟ್ಟ ಹೋಯ್ತು.”

“ಸರಿ ಅಜ್ಜ. ನಾನು ಓಡಿಸಲ್ಲ. ಹಾಗಾದ್ರೆ ಆರಿಸೋದೂ ಇಲ್ಲ. ತೀರ್ಪು ನೀವೇ ಹೇಳಿ.” ಎಕೆಮೇಜಿ ಜನರ ಕಡೆ ತಿರುಗಿದ. “ಕೇಳಿ ಎಲ್ಲರೂ! ಅಕಾಜಿಯಾಕು ಮನೇಲೂ ಗಾಡಿ ತೊಳೆದೋರು ಈ ಹಿರಿಯರೇ. ಓಚೆಂಡೊ ಮನೇಲೂ ತೊಳೆದೋರು ಇವರೇ. ಯಾವ ಗಾಡಿ ವಾಪಸ್ ಹೋಗತ್ತೋ ಆ ಗಾಡಿಯ ಹೆಂಡನೂ ಇವರ ಹೊಟ್ಟೆಯಿಂದ ವಾಪಸ್ ಹೋಗ್ಲಿ. ಮೇಕೆನೂ. ಹೋರಿನೂ.”

ಇಬ್ಬರು ಧಣಿಗಳೂ ನಿಧಾನವಾಗಿ ಹಿರಿಯರ ಕಡೆ ತಿರುಗಿದರು. ಬೆಳಗಿನಿಂದ ಮೊದಲ ಸಲ ಅವರಿಬ್ಬರಿಗೂ ಒಂದೇ ಯೋಚನೆ ಬಂದಿತ್ತು.

“ನಮ್ಮನೇಲೂ ಕುಡಿದ್ಯಾ ಅಜ್ಜ?” ಎಂದ ಸಿಮೆಂಟಿನವನು. “ಇವನ ಮನೇಲೂ?”

“ಹೋರಿಯ ತೊಡೆ ಇವರೇ ಒಯ್ದಿದ್ದು,” ಎಂದ ಬಿಡಿಭಾಗದವನು.

ಹಿರಿಯರು ಸಮಾಲೋಚನೆಗೆಂದು ಅರಮನೆಯ ಹಿಂದಕ್ಕೆ ಓಡಿದರು. ಓಡಿದರೆಂದರೆ ಓಡಿಯೇ ಹೋದರು; ಮಂಡಿನೋವಿನವರೂ ಮೊದಲೇ ತಲುಪಿದ್ದರು. ಅಲ್ಲಿ ಏನು ನಡೆಯಿತೋ, ಏರುದನಿ ಕೇಳಿಸಿತು, ಯಾರೋ ಅತ್ತಿದ್ದೂ ಕೇಳಿಸಿತು. ತಿರುಗಿ ಬಂದಾಗ ಓಬಿಡೀಕೆ ಅಜ್ಜನ ಮುಖ, ಸ್ವರ್ಗದಿಂದ ಈಗಷ್ಟೇ ತಂತಿ ಬಂದವನ ಹಾಗೆ ಗಂಭೀರವಾಗಿತ್ತು.

“ಕಟ್ಟಳೆ ಏನು ಹೇಳತ್ತೆ?” ಎಂದು ಅವನು ಶುರುಮಾಡಿದ. “ಜನರ ಕಣ್ಣೆದುರು ಟೋಪಿ ತೆಗೀಬಾರದು. ಜನರ ಕಣ್ಣೆದುರು! ಅಕಾಜಿಯಾಕು ತಂದ ಗಾಡಿಗೆ ಕಪ್ಪು ಗಾಜು. ಒಳಗೆ ಇರೋದು ಹೊರಗೆ ಕಾಣಲ್ಲ. ಕಾಣದೆ ಇದ್ದದ್ದು ನಡೆದೇ ಇಲ್ಲ. ಮತ್ತೆ, ಇಗ್ವೆ ಅಂದ್ರೆ ಯಾರು? ಟೋಪಿ. ಟೋಪಿ ಹಿಂದಿನ ಸೀಟಲ್ಲಿ, ಲೋಲೋ ಮಡಿಲಲ್ಲಿ, ಮರ್ಯಾದೆಯಾಗಿ ಕೂತಿರ್ಲಿ. ಆಗ ಇಗ್ವೆ ಹಿಂದೆ ಕೂತ ಹಾಗೇ ಲೆಕ್ಕ. ಮುಂದೆ ಯಾರು ಓಡಿಸ್ತಾರೆ ಅನ್ನೋದು ಡ್ರೈವರಿನ ವಿಷಯ. ಡ್ರೈವರಿನ ವಿಷಯದಲ್ಲಿ ನಮ್ಮ ಮುತ್ತಜ್ಜಂದಿರು ಏನೂ ಹೇಳಿಲ್ಲ.”

“ಮುಂದಿನ ಗಾಜು ಕಪ್ಪಿಲ್ಲವಲ್ಲ,” ಎಂದು ಗುಂಪಿನಲ್ಲಿ ಯಾರೋ ಅಂದರು.

“ಮುಂದಿನ ಗಾಜಿನೊಳಗೆ ಇಣುಕಿ ನೋಡೋದು ಕೆಟ್ಟ ಸಂಸ್ಕಾರ,” ಎಂದ ಅಜ್ಜ. ಚರ್ಚೆ ಮುಗಿಯಿತು.

“ಹಾಗಾದ್ರೆ ನನ್ನ ಗಾಡಿ ಗೆದ್ದಿತು!” ಎಂದು ಸಿಮೆಂಟಿನವನು ಕೈಯೆತ್ತಿದ.

“ಗೆದ್ದಿಲ್ಲ,” ಎಂದ ಎಕೆಮೇಜಿ. “ಎರಡನ್ನೂ ಓಡಿಸಿ ನೋಡ್ತೀನಿ ಅಂದಿದ್ದೀನಿ. ಒಂದು ದಿನ ಇದು, ಒಂದು ದಿನ ಅದು. ಗಾಡಿ ರುಚಿ ಒಂದ್ ವಾರಕ್ಕೆಲ್ಲ ಗೊತ್ತಾಗಲ್ಲ. ಮಳೆಗಾಲ ನೋಡಬೇಕು, ಧೂಳುಗಾಲ ನೋಡಬೇಕು. ಗೊತ್ತಾದ ದಿನ ಹೇಳ್ತೀನಿ.”

ಬಿಡಿಭಾಗದವನ ಆಳು ಆಗಲೇ ಬಿಳಿ ಜೀಪನ್ನು ತಿರುಗಿಸಿಕೊಂಡು ಒನಿಟ್ಶಾ ಕಡೆ ಹಾರಿದ್ದ. ಊಟ ಬಡಿಸುವ ಹೊತ್ತಿಗೆ ಜೀಪು ಕಪ್ಪು ಹಾಳೆ ಅಂಟಿಸಿಕೊಂಡು ಬಂತು. ಅವಸರದಲ್ಲಿ ಅಂಟಿಸಿದ್ದರಿಂದ ಗಾಜಿನ ತುಂಬ ಗುಳ್ಳೆ, ಸಿಡುಬು ಬಂದ ಹಾಗೆ. “ನಮ್ಮದು ಇನ್ನೂ ಕಪ್ಪು,” ಎಂದು ಅದರ ಭಕ್ತರು ಎದೆ ಉಬ್ಬಿಸಿದರು. ಗಾಡಿಯ ವಿಷಯ ಹೋಗಿ ಗಾಜಿನ ವಿಷಯಕ್ಕೆ ಬಡಿದಾಟ ಶುರುವಾಯಿತು.

ಮುಂದಿನ ಸಂತೆಯ ದಿನ ಎಕೆಮೇಜಿ ಅರಮನೆಯ ಗೋಡೆಯ ಮರೆಯಲ್ಲಿ ಟೋಪಿ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಬಿಷಪ್ಪನ ಹೊಟ್ಟೆಯ ಮುಂದಿನ ಸೀಟಿಗೆ ಹತ್ತಿದ. ಈ ಸಲ ಯಾರೂ ತಳ್ಳಬೇಕಾಗಲಿಲ್ಲ. ದೊರೆಯ ಬಟ್ಟೆ ಬಿಟ್ಟು ಅವನು ಹಳೇ ಅಂಗಿ ತೊಟ್ಟಿದ್ದ. ಕಾಲಿಸ್ಟಸ್ ಪಕ್ಕದಲ್ಲಿ ಬೀಸಣಿಗೆ ಹಿಡಿದು, ಎತ್ತ ನೋಡಬೇಕೆಂದು ತಿಳಿಯದೆ ತನ್ನ ಮಂಡಿಯನ್ನೇ ನೋಡುತ್ತ ಕೂತ.

ಗಾಡಿ ಎಕೆಮೇಜಿಗೆ ಹಿಡಿಸಲಿಲ್ಲ. ಸ್ಟೇರಿಂಗು ಬೆಂದ ಗೆಣಸಿನಷ್ಟು ಮೆತ್ತಗೆ. ಗೇರು ತಾನೇ ಬದಲಾಗುತ್ತಿತ್ತು, ಅವನನ್ನು ಒಂದು ಮಾತು ಕೇಳದೆ. ಎಡಗಾಲಿಗೆ ಕೆಲಸವೇ ಇಲ್ಲ. ಆದರೂ ರಸ್ತೆ ಮುಂದೆ ಬರುತ್ತಿತ್ತು, ಅವನ ಕೈ ಹೇಳಿದ ಕಡೆ ತಿರುಗುತ್ತಿತ್ತು.

ದಾರಿಯುದ್ದಕ್ಕೂ ಜನ ಹಿಂದಿನ ಗಾಜಿಗೆ ಕೈಬೀಸಿ “ಇಗ್ವೇ!” ಎಂದು ಕೂಗಿದರು. ಮುಂದಿನ ಗಾಜನ್ನು ಒಬ್ಬರೂ ನೋಡಲಿಲ್ಲ. ನೋಡಿದವರು ನೋಡಲಿಲ್ಲವೆಂದು ಆಕಾಶ ನೋಡಿದರು.

“ನಿನ್ನ ಟೋಪಿಗೆ ಭಾರಿ ಮರ್ಯಾದೆ ಬರ್ತಿದೆ ಡ್ರೈವರಪ್ಪಾ,” ಎಂದಳು ಅಜೂಕಾ ಹಿಂದಿನಿಂದ. “ನಾನೇ ಇಟ್ಕೊಂಡುಬಿಡ್ಲಾ?”

“ಇಟ್ಕೋ,” ಎಂದ.

ಸಂತೆಯ ತಿರುವಿನಲ್ಲಿ ಉತ್ತರದಿಂದ ಬಂದ ಈರುಳ್ಳಿ ಲಾರಿಯೊಂದು ಅಡ್ಡ ನಿಂತಿತ್ತು. ಎಕೆಮೇಜಿ ಹಾರ್ನು ಬಾರಿಸಿದ. ಲಾರಿಯ ಡ್ರೈವರ್ ಅರ್ಧ ಮೈ ಹೊರಹಾಕಿದ. ಊರಿಗೆ ಹೊಸಬ, ಮುಂದಿನ ಗಾಜಿನೊಳಗೆ ನೋಡಬಾರದೆಂಬ ಕಟ್ಟಳೆ ಅವನಿಗೆ ಯಾರೂ ಹೇಳಿರಲಿಲ್ಲ.

“ಏಯ್ ಮುದುಕಾ! ಧಣಿ ಗಾಡಿ ಕೈಗೆ ಸಿಕ್ತು ಅಂತ ರಸ್ತೆ ನಿಮ್ಮಪ್ಪಂದಾ? ಲೈಸೆನ್ಸ್ ಕೊಟ್ಟೋನು ನಿನ್ನ ಭಾಮೈದನೇನೋ?”

ರಸ್ತೆಬದಿಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದ ಓಬಿಡೀಕೆ ಅಜ್ಜ ಬುಟ್ಟಿಯೊಳಗೆ ಮುಖ ಹುದುಗಿಸಿದ. ಕಾಲಿಸ್ಟಸ್ ಕಣ್ಣು ಮುಚ್ಚಿಕೊಂಡ. ಪಟ್ಟಕ್ಕೆ ಬಂದಾಗಿನಿಂದ ಎಕೆಮೇಜಿಯನ್ನು ಯಾರೂ ಬೈದಿರಲಿಲ್ಲ. ಅವನು ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಎದೆ ತುಂಬ ಉಸಿರೆಳೆದುಕೊಂಡ.

“ಲೇ ಕೊಳೆತ ಈರುಳ್ಳಿ! ಹಿಂದಿನ ಎಡಗಡೆ ಟೈರು ನಿನ್ನ ತಲೆ ಥರ ಬೋಳಾಗಿದೆ, ಅದನ್ನ ನೋಡ್ಕೊಳ್ಳೋ ಮೊದ್ಲು! ಹೊರೆ ಕಟ್ಟೋದು ನಿಮ್ಮಜ್ಜಿ ಹತ್ರ ಕಲಿತ್ಯಾ? ಬಾಲ ನೆಲ ಗುಡಿಸ್ತಿದೆ! ತೆಗಿಯೋ ಡಬ್ಬಾನ, ಇಲ್ದಿದ್ರೆ ನಾನೇ ಹತ್ತಿ ತೆಗೀತೀನಿ, ಕ್ಲಚ್ ಹಿಡಿಯೋದು ಹೆಂಗೆ ಅಂತ ನೋಡ್ಕೋ!”

ಲಾರಿಯವನು ಕಿಟಕಿಯ ಚೌಕಟ್ಟು ಹಿಡಿದುಕೊಂಡ. ಹಿಂದಿನ ಎಡಗಡೆ ಟೈರನ್ನು ಬಗ್ಗಿ ನೋಡಿದ. ಅವನ ಮುಖದ ತುಂಬ ನಗು ಹರಡಿತು. “ಗುರುವೇ! ಎಲ್ಲಿ ಓಡಿಸ್ತಿದ್ದೆ ನೀನು?”

“ಮೈದುಗುರಿ ಲೈನು!” ಎಂದು ಎಕೆಮೇಜಿ ಇಡೀ ಸಂತೆಗೆ ಕೇಳುವಂತೆ ಕೂಗಿದ.